ಕೇಳೋರು

ಶಿಕಾರಿಪುರ, ಸೊರಬದ ಕಡೆ ಒಬ್ಬರ ಪಾಡು ತೀರಾ ಕೆಟ್ಟಿದೆ ಎಂದು ಹೇಳಬೇಕಾದಾಗ ಜನ ‘ಪಾಪ, ಕೇಳೋರಿಲ್ಲ ನೋಡೋರಿಲ್ಲ’ ಅಂದುಬಿಡುತ್ತಾರೆ. ದುಡ್ಡಿಲ್ಲ, ಗದ್ದೆಯಿಲ್ಲ ಅನ್ನುವುದಕ್ಕಿಂತ ದೊಡ್ಡ ಬಡತನ ಅದು. ಏನಾಯಿತು ಎಂದು ವಿಚಾರಿಸುವುದಕ್ಕೂ ‘ಕೇಳು’, ಹೇಳಿದ್ದಕ್ಕೆ ಕಿವಿಗೊಡುವುದಕ್ಕೂ ‘ಕೇಳು’. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಅದರಿಂದಲೇ ‘ಕೇಳೋರು’ ಅಂದರೆ ಕಷ್ಟಕ್ಕೆ ಆಗುವವರು ಎಂಬ ಅರ್ಥ ಹುಟ್ಟಿಕೊಂಡಿದೆ. ನೆಂಟರ ಮನೆಗೆ ಹೋಗಿ ಬಂದವರು ‘ಚೆನ್ನಾಗಿ ವಿಚಾರಿಸ್ಕೊಂಡ್ರು’ ಅನ್ನುವುದೂ ಇದೇ ಜಾಡಿನ ಮಾತು. ‘ಆರೈಕೆ’ಯ ಬುಡದಲ್ಲಿರುವ ಹಳಗನ್ನಡದ ‘ಆರಯ್’ ಎಂಬ ಮಾತಿಗೂ ಹುಡುಕು, ವಿಚಾರಿಸು, ಕಾಪಾಡು ಎಂಬ ಅರ್ಥಗಳು ಒಟ್ಟಿಗೇ ಇವೆ.

ನರ್ಸುಗಳ ಕೆಲಸಕ್ಕೆ ಸರ್ಕಾರಿ ಕನ್ನಡ ಕೊಟ್ಟಿರುವ ಹೆಸರು ಶುಶ್ರೂಷೆ. ಈಗ ಅವರ ಹುದ್ದೆಯೇ ‘ಶುಶ್ರೂಷಾಧಿಕಾರಿ’. ಬಾಯಲ್ಲಿ ಸಲೀಸಾಗಿ ಹೊರಳದ ಈ ಪದವನ್ನು ವಾರ್ಡಿನಲ್ಲಿ ಯಾರೂ ಆಡುವುದಿಲ್ಲ. ಅಲ್ಲಿ ಸಿಸ್ಟರ್, ಸಿಸ್ಟರಮ್ಮ, ನರ್ಸಮ್ಮ, ಗಂಡಸಾದರೆ ಬ್ರದರ್. ಪತ್ರಿಕೆಗಳು ಮಾತ್ರ ಮೇ 12 ಬಂತೆಂದರೆ ‘ದಾದಿಯರ ದಿನ’ ಎಂದು ಬರೆಯುತ್ತವೆ. ದಾದಿ ಅಂದರೆ ಹಿಂದೆ ಮಗುವಿಗೆ ಹಾಲೂಡಿಸಿ ಎತ್ತಿ ಆಡಿಸುತ್ತಿದ್ದ ಹೆಂಗಸು. ವರ್ಷಗಟ್ಟಲೆ ಓದಿ, ಪರೀಕ್ಷೆ ಪಾಸಾಗಿ ಬಂದವರಿಗೆ ಆ ಹೆಸರು ಒಗ್ಗುವುದಿಲ್ಲ. ಅದನ್ನು ಬಿಡುವುದೇ ಒಳ್ಳೆಯದು.

ಆದರೆ ಶುಶ್ರೂಷೆ ಎಂಬ ಪದವನ್ನು ಬಿಡಲು ನನಗೆ ಮನಸ್ಸಿಲ್ಲ. ತಿಳಿಯುವ ಬಯಕೆ ಜಿಜ್ಞಾಸೆ, ಕುಡಿಯುವ ಬಯಕೆ ಪಿಪಾಸೆ. ಹಾಗೆಯೇ ಕೇಳುವ ಬಯಕೆ ಶುಶ್ರೂಷೆ. ಸಂಸ್ಕೃತದ ‘ಶ್ರು’ ಧಾತುವಿನಿಂದ, ಅಂದರೆ ಶ್ರವಣ, ಶ್ರುತಿಗಳು ಹುಟ್ಟಿದ ಬೇರಿನಿಂದಲೇ ಇದೂ ಹುಟ್ಟಿದೆ. ಮೊದಲು ಗುರುವಿನ ಮಾತು ಕೇಳುವ ಆಸೆ, ಆಮೇಲೆ ಗುರು ಹೇಳಿದಂತೆ ಕೇಳುವ ವಿಧೇಯತೆ, ಆಮೇಲೆ ಸೇವೆ, ಕೊನೆಗೆ ರೋಗಿಯ ಸೇವೆ. ಹೀಗೆ ಬರುವ ದಾರಿಯಲ್ಲಿ ವಿಧೇಯತೆಯ ಭಾರ ಪದಕ್ಕೆ ಅಂಟಿಕೊಂಡುಬಿಟ್ಟಿತು. ಹೇಳಿದಷ್ಟು ಮಾಡುವವರು ನರ್ಸುಗಳು ಎಂದು ಇವತ್ತಿಗೂ ಎಷ್ಟೋ ಜನ ತಿಳಿದಿದ್ದಾರೆ. ಡಾಕ್ಟರು ಬರೆದ ಇಂಜೆಕ್ಷನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು, ನಿಜ. ಆದರೆ ಪದದ ಮೊದಲ ಅರ್ಥವನ್ನು ವಾರ್ಡಿಗೆ ತಂದರೆ ಅದು ಮಂಚದ ಮೇಲೆ ಮಲಗಿರುವವರ ಕಡೆಗೆ ತಿರುಗುತ್ತದೆ. ಅವರ ಮಾತು ಕೇಳಬೇಕೆಂಬ ಬಯಕೆಯಿಂದಲೇ ಈ ಕೆಲಸ ಶುರುವಾಗುತ್ತದೆ.

ಕೇಳೋರಿಲ್ಲದವರನ್ನು ಕೇಳುವುದು ಈ ಸೀಮೆಗೆ ಹೊಸದಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯ ಹತ್ತಿರದಲ್ಲೇ ಬಳ್ಳಿಗಾವಿ ಇದೆ. ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಎಂಬ ಶೈವ ಪಂಥದ ಯತಿಗಳದು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಹೇಳುತ್ತಾ ಹೋಗುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ. ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ದಿಕ್ಕಿಲ್ಲದವರಿಗೆ ಅನ್ನ. ಅನಾಥ ರೋಗಿಗಳಿಗೆ ಔಷಧ. ಎಲ್ಲ ಜೀವಿಗಳಿಗೂ ಅಭಯ. ರೋಗಿಯನ್ನು ಹೇಳುವಾಗ ಶಾಸನ ‘ಅನಾಥ’ ಎಂಬ ಮಾತನ್ನು ಸೇರಿಸಿದೆ. ಕೇಳೋರಿಲ್ಲದ ರೋಗಿ ಎಂದು ಊರಿನವರು ಇವತ್ತು ಹೇಳುವುದೂ ಅದನ್ನೇ. ಔಷಧಕ್ಕೂ ಅಭಯಕ್ಕೂ ಒಂದೇ ಜಾಗದಲ್ಲಿ ಏರ್ಪಾಡಿತ್ತು ಎನ್ನುವುದು ನನಗೆ ಈ ಸೀಮೆಯ ಬಗ್ಗೆ ಹೆಮ್ಮೆ ತರುವ ಸಂಗತಿ.

ಇದೇ ಸೀಮೆಯ ಇನ್ನೊಂದು ಊರಿನ ಹೆಸರು ಲೋಕದ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೊಂದು ವೈರಸ್ ಅನ್ನು ಗುರುತಿಸಿದರು. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಹರಡುವುದು ಉಣುಗಿನ ಕಡಿತದಿಂದ. ಇವತ್ತಿಗೂ ಆ ವೈರಸ್ಸನ್ನೇ ಕೊಲ್ಲುವ ಔಷಧಿ ನಮ್ಮ ಕೈಯಲ್ಲಿಲ್ಲ. ಹಾಗಾದರೆ ನೂರಕ್ಕೆ 95 ಮಂದಿ ಬದುಕುವುದು ಹೇಗೆ? ದೇಹ ತಾನೇ ಹೋರಾಡುತ್ತದೆ, ಆ ಹೋರಾಟ ಮುಗಿಯುವವರೆಗೆ ಶುಶ್ರೂಷೆ ಜೊತೆಗಿರುತ್ತದೆ. ಜ್ವರ ಇಳಿಸಬೇಕು, ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳಬೇಕು, ವಸಡಿನಲ್ಲಿ ರಕ್ತ ಒಸರುತ್ತಿದೆಯೇ, ಮಲ ಕಪ್ಪಗಿದೆಯೇ ಎಂದು ದಿನವೂ ವಿಚಾರಿಸಬೇಕು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ. ಆಗ ತಲೆನೋವು, ಕೈ ನಡುಕ, ಕತ್ತು ಬಿಗಿಯುವುದು, ಕಣ್ಣು ಮಂಜಾಗುವುದು ಕಾಣಿಸಿಕೊಳ್ಳಬಹುದು. ಇವುಗಳಲ್ಲಿ ಎಷ್ಟೋ ಸಂಗತಿಗಳು ರೋಗಿ ಬಾಯಿಬಿಟ್ಟರೆ ಮಾತ್ರ ತಿಳಿಯುವಂಥವು.

ಬಾಯಿ ಬಿಡಿಸುವುದು ಸುಲಭವಲ್ಲ. ಸೊರಬದ ಕಡೆಯ ಜ್ವರದ ವಾರ್ಡಿನಲ್ಲಿ ಮಾತುಕತೆ ಹೀಗೆ ನಡೆಯುತ್ತದೆ.

‘ಅಣ್ಣಾ, ಕಾಡಿಗೆ ಹೋಗಿದ್ರಾ?’

‘ಇಲ್ಲ ಸಿಸ್ಟರ್, ಎಲ್ಲೂ ಹೋಗಿಲ್ಲ.’

ಸಿಸ್ಟರ್ ಖಾಲಿಯಾದ ಬಾಟ್ಲಿ ತೆಗೆದು ಬೇರೆಯದನ್ನು ಹಾಕುತ್ತಾರೆ. ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡುತ್ತಾ, ‘ಮನೇಲಿ ದನ ಎಷ್ಟಿದಾವೆ?’

‘ನಾಲ್ಕು.’

‘ಹೊಡ್ಕೊಂಡು ಹೋಗೋರು ಯಾರು?’

‘ನಾನೇ. ಸಂಜೆ ಬರದಿದ್ರೆ ಹುಡುಕಕ್ಕೆ ಕಾನಿಗೆ ಹೋಗ್ತೀನಿ.’

ಅವರ ಲೆಕ್ಕದಲ್ಲಿ ಕಾಡು ಬೇರೆ, ಕಾನು ಬೇರೆ. ಕಾನು ಊರಿನದೇ ಒಂದು ಭಾಗ. ಹಿತ್ತಲಿಗೆ ಹೋದವರು ಕಾಡಿಗೆ ಹೋಗಿದ್ದೆ ಅನ್ನುವುದುಂಟೇ? ಸುಳ್ಳು ಹೇಳಿದರು ಎಂದು ಬೈಯುವ ಹಾಗಿಲ್ಲ. ಪ್ರಶ್ನೆಯೇ ಅವರ ಮಾತಿನಲ್ಲಿರಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ: ‘ಇಲ್ಲಿಗೆ ಬರೋ ಮುಂಚೆ ಮೆಡಿಕಲ್ ಶಾಪಲ್ಲಿ ಏನು ಮಾತ್ರೆ ತಗೊಂಡ್ರಿ?’ ಮೈಕೈ ನೋವಿಗೆಂದು ನುಂಗಿದ ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಈ ಎರಡು ಉತ್ತರಗಳು ಕೇಸ್ ಶೀಟಿಗೆ ಇಳಿದರೆ ರೋಗಿಯ ಮುಂದಿನ ಹಾದಿಯೇ ಬದಲಾಗುತ್ತದೆ. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳು ಬಹಳ. ಅಲ್ಲಿಂದ ಬಂದ ಮುದುಕಿಯನ್ನು ‘ಯಾಡಿ’ (ಅಮ್ಮ) ಎಂದು ಅವರದೇ ನುಡಿಯಲ್ಲಿ ಕರೆದು ಮಾತಿಗೆಳೆಯುವ ಸಿಸ್ಟರಿಗೆ ಸಿಗುವ ಉತ್ತರ, ಹೆಸರು ಕೂಗಿ ಗದರುವವರಿಗೆ ಸಿಗುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಕೇಳುವ ರೀತಿಯ ಬಗ್ಗೆಯೇ ದೀರ್ಘವಾಗಿ ಬರೆದಿದ್ದಾರೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿ ಪ್ರಯೋಜನವಿಲ್ಲ, ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ನಿದ್ದೆ ಬಂತು ಎಂದು ಕೇಳಬೇಕು ಎನ್ನುವುದು ಅವರ ವಾದ. ನಮ್ಮ ಚರಕ ಸಂಹಿತೆ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ತನಗೇನಾಗುತ್ತಿದೆ ಎಂದು ತಿಳಿಸಿ ಹೇಳುವುದನ್ನು ರೋಗಿಯ ಗುಣಗಳಲ್ಲಿ ಒಂದಾಗಿ ಎಣಿಸಿದೆ. ಹೇಳಬೇಕಾದವರು ರೋಗಿ ಎಂದ ಮೇಲೆ ಕೇಳಿಸಿಕೊಳ್ಳಲು ಎದುರಿಗೆ ಒಬ್ಬರು ಬೇಕೇ ಬೇಕು.

ಆ ಒಬ್ಬರಿಗೆ ಬಿಡುವು ಬೇಕು. ಇಡೀ ವಾರ್ಡನ್ನು ಒಬ್ಬ ಸಿಸ್ಟರಿಗೆ ಒಪ್ಪಿಸಿ, ಮೇಲೆ ರಿಜಿಸ್ಟರುಗಳನ್ನೂ ಹೊರಿಸಿ, ವರ್ಷ ವರ್ಷ ಗುತ್ತಿಗೆಯ ಮೇಲೇ ದುಡಿಸಿ, ನಗುನಗುತ್ತಾ ಮಾತಾಡಿಸಲಿಲ್ಲ ಎಂದು ದೂರುವುದು ಅನ್ಯಾಯ. ಮಾತಾಡಿಸುವುದು ಅವರ ಸ್ವಭಾವದ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ, ಅದು ಚಿಕಿತ್ಸೆಯ ಭಾಗ. ಅದಕ್ಕೂ ಹೊತ್ತು ಹಿಡಿಯುತ್ತದೆ ಎಂದು ಲೆಕ್ಕಹಾಕಿ ಹುದ್ದೆ ತುಂಬಬೇಕಾದದ್ದು ಸರ್ಕಾರ.

ಓದುಗರಲ್ಲೂ ಒಂದು ಕೋರಿಕೆ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಜ್ವರ ಬಂದರೆ ಕಾನು, ಬೆಟ್ಟ, ಸೊಪ್ಪು, ಸೌದೆ, ಎಲ್ಲಿಗೆ ಯಾತಕ್ಕೆ ಹೋಗಿದ್ದಿರೋ ಮುಚ್ಚಿಡದೆ ಹೇಳಿ. ನುಂಗಿದ ಮಾತ್ರೆಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಿಟ್ಟ ಜ್ವರ ಮರಳಿದರೆ ಮನೆಯಲ್ಲಿ ಮಲಗಬೇಡಿ, ಮತ್ತೆ ಆಸ್ಪತ್ರೆಗೆ ಬನ್ನಿ. ಮಂಗನ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ನಿಮ್ಮವರು ಮಲಗಿದ್ದರೆ ಪಕ್ಕದಲ್ಲಿ ಧೈರ್ಯವಾಗಿ ಕೂತು ಮಾತಾಡಿಸಿ.