ಜಾಹೀರಾತಿನ ಮನೆಯಲ್ಲಿ ಕನ್ನಡದ ಮಣೆ

ಎರಡು ವರ್ಷದ ಹಿಂದೆ ನಮ್ಮಲ್ಲಿ ಕನ್ನಡ ಎಂ.ಎ. ಮುಗಿಸಿಹೋದ ಹುಡುಗನೊಬ್ಬ ಕಳೆದ ತಿಂಗಳು ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಪೊಟ್ಟಣ. ಮುಖದಲ್ಲಿ ಅರ್ಧ ಸಂತೋಷ, ಅರ್ಧ ಸಂಕೋಚ. "ಮೇಷ್ಟ್ರೆ, ಬೆಂಗಳೂರಿನ ಒಂದು ಜಾಹೀರಾತು ಕಂಪೆನಿಯಲ್ಲಿ ಕೆಲಸ ಸಿಕ್ಕಿದೆ. ಯಂತ್ರ ಮಾಡಿಕೊಟ್ಟ ಕನ್ನಡವನ್ನು ತಿದ್ದಬೇಕಂತೆ. ಸೇರಲೋ ಬೇಡವೋ, ನೀವೇ ಹೇಳಿ" ಎಂದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಂದು ರಾತ್ರಿ ಈ ಕಸುಬು ನಡೆದುಬಂದ ದಾರಿಯನ್ನೆಲ್ಲ ಮನಸ್ಸಿನಲ್ಲಿಯೇ ಒಮ್ಮೆ ನಡೆದು ನೋಡಿದೆ.

ಜಾಹೀರಾತು ಎಂಬ ಮಾತು ಮೂಲತಃ ನಮ್ಮದಲ್ಲ. ಅರಬ್ಬಿಯ 'ಜಾಹಿರ್', ಎಂದರೆ ಎಲ್ಲರಿಗೂ ಕಾಣುವಂಥದು, ಪಾರಸಿ ಮರಾಠಿಗಳ ದಾರಿ ಹಿಡಿದು ನಮ್ಮಲ್ಲಿ ಬಂದು ನೆಲೆಸಿತು. ಮಾತು ಹೊರಗಿನದಾದರೂ ಕೆಲಸ ಹೊರಗಿನದಲ್ಲ. ಸಂತೆಯಲ್ಲಿ ಕೂಗಿ ಮಾರುವವನು, ತಮಟೆ ಬಡಿದು ಡಂಗುರ ಸಾರುವವನು ಎಂದಿನಿಂದಲೂ ಇದ್ದವರೇ. ಅಚ್ಚು ಬಂದ ಮೇಲೆ ಆ ಕೂಗು ಕಾಗದಕ್ಕಿಳಿಯಿತು. 1780ರಲ್ಲಿ ಕಲ್ಕತ್ತೆಯಲ್ಲಿ ಹಿಕ್ಕಿ ಎಂಬಾತ ಹೊರಡಿಸಿದ ಪತ್ರಿಕೆ ತನ್ನ ಹೆಸರಿನಲ್ಲಿಯೇ 'ಅಡ್ವರ್ಟೈಸರ್' ಎಂಬ ಮಾತನ್ನು ಸೇರಿಸಿಕೊಂಡಿದ್ದಿತು.

ನಮ್ಮ ನಾಡಿನಲ್ಲಿ ಈ ಕಲೆ ಕಳೆಗೂಡಿದ್ದು ವೃತ್ತಿನಾಟಕದ ಕಂಪೆನಿಗಳಿಂದ ಎಂದರೆ ತಪ್ಪಾಗಲಾರದು. ಊರಿಗೆ ಕಂಪೆನಿ ಬಂದಿಳಿದರೆ ಎತ್ತಿನ ಗಾಡಿಯ ಮೇಲೆ ವಾದ್ಯ. ಗಾಡಿಯಿಂದ ತೂರುತ್ತಿದ್ದ ಹ್ಯಾಂಡ್‌ಬಿಲ್ಲಿಗೆ ಹಿಂದಿನಿಂದ ಮಕ್ಕಳ ದಂಡು. ಆ ಹ್ಯಾಂಡ್‌ಬಿಲ್ಲಿನ ಕನ್ನಡ ಕೊಂಚ ಅಬ್ಬರದ್ದು, ಆದರೆ ಕನ್ನಡದಲ್ಲಿಯೇ ಹುಟ್ಟಿದ್ದು. ಅದನ್ನು ಬರೆದವನಿಗೂ ಓದುವವನಿಗೂ ನಡುವೆ ಮೂರನೆಯವನಿರಲಿಲ್ಲ. 1910ರ ದಶಕದಲ್ಲಿ ಮೈಸೂರು ಸಂಸ್ಥಾನ ಗಂಧದ ಸಾಬೂನನ್ನು ತಯಾರಿಸಲು ಹೊರಟಾಗ ಅದಕ್ಕೆ ಗುರುತಾದದ್ದೂ ನಮ್ಮ ಪುರಾಣದ ಶರಭವೇ: ಆನೆಯ ಮುಖ, ಸಿಂಹದ ಮೈ. ಅದನ್ನು ಯಾರಿಗೂ ಅನುವಾದಿಸಿ ಹೇಳಬೇಕಾಗಿರಲಿಲ್ಲ.

ನಡುವಿನ ಆ ಮೂರನೆಯವನೇ ಏಜೆನ್ಸಿ. 1905ರಲ್ಲಿ ಮುಂಬಯಿಯಲ್ಲಿ ದತ್ತಾರಾಮ್ ಕಂಪೆನಿ ಆರಂಭವಾಯಿತು. 1929ರಲ್ಲಿ ಅಮೆರಿಕದ ಜೆ. ವಾಲ್ಟರ್ ಥಾಂಪ್ಸನ್ ಸಂಸ್ಥೆ ಜನರಲ್ ಮೋಟಾರ್ಸ್ ಕಾರುಗಳ ಬೆನ್ನಿಗೇ ಬಂದಿತು. 1939ರಲ್ಲಿ ಲಿವರ್ ಸಾಬೂನಿನವರ ಲಿಂಟಾಸ್. ಬಹುಕಾಲ ಇವರ ಸಂಪಾದನೆಯ ಲೆಕ್ಕ ಸರಳವಾಗಿದ್ದಿತು. ಪತ್ರಿಕೆಗೆ ಸಲ್ಲುವ 100 ರೂಪಾಯಿಯಲ್ಲಿ 15 ರೂಪಾಯಿ ಏಜೆನ್ಸಿಯ ಪಾಲು. ಎಂದರೆ ಹಣ ಹುಟ್ಟುತ್ತಿದ್ದುದು ಜಾಗದಿಂದ, ಮಾತಿನಿಂದಲ್ಲ. ಮಾತನ್ನು ಒಮ್ಮೆ ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಬೇಕಾದ ಭಾಷೆಗಳಿಗೆ ಹಂಚಿದರಾಯಿತು. ಕನ್ನಡದವನಿಗೆ ಅನುವಾದಕನ ಮಣೆ ಬಿದ್ದದ್ದು ಈ ಲೆಕ್ಕದಿಂದ.

ಬಂಗಾಳದವರ ಕಥೆಯೂ ಆಗ ಬೇರೆಯಾಗಿರಲಿಲ್ಲ. 1943ರಲ್ಲಿ ಸತ್ಯಜಿತ್ ರಾಯ್ ಕಲ್ಕತ್ತೆಯ ಡಿ. ಜೆ. ಕೀಮರ್ ಎಂಬ ಇಂಗ್ಲಿಷರ ಏಜೆನ್ಸಿಗೆ ಚಿತ್ರಕಾರರಾಗಿ ಸೇರಿದರು. ತಿಂಗಳಿಗೆ 80 ರೂಪಾಯಿ ಸಂಬಳ. ಆದರೆ ಬಂಗಾಳಿ ಅಕ್ಷರಗಳಿಗೆ ಅವರು ಹೊಸ ರೂಪಗಳನ್ನು ಕೊಟ್ಟದ್ದು ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳ ರಕ್ಷಾಪುಟಗಳಲ್ಲಿ. ಆ ಪ್ರಕಾಶನವನ್ನು ನಡೆಸುತ್ತಿದ್ದವರು ಅದೇ ಏಜೆನ್ಸಿಯ ಸಹೋದ್ಯೋಗಿ ಡಿ. ಕೆ. ಗುಪ್ತ. ಹೊಟ್ಟೆಪಾಡಿನ ಮನೆಯಲ್ಲಿ ತಾಯ್ನುಡಿಗೆ ಸಾಕಷ್ಟು ಎಡೆಯಿಲ್ಲದಾಗ ಆ ಇಬ್ಬರೂ ಪಕ್ಕದಲ್ಲಿಯೇ ಇನ್ನೊಂದು ಮನೆ ಕಟ್ಟಿಕೊಂಡರು.

1967ರಲ್ಲಿ ವಿವಿಧಭಾರತಿ ಜಾಹೀರಾತಿಗೆ ಬಾಗಿಲು ತೆರೆಯಿತು, 1976ರಲ್ಲಿ ದೂರದರ್ಶನ. ಬರೆಹಗಾರ ಈಗ ಕಣ್ಣಿಗಲ್ಲ, ಕಿವಿಗೆ ಬರೆಯಬೇಕಾಯಿತು. 1982ರಲ್ಲಿ ಆಗಿಲ್ವಿ ಸಂಸ್ಥೆಯನ್ನು ಸೇರಿದ ಪಿಯೂಷ್ ಪಾಂಡೆಯಂಥವರು ಇಂಗ್ಲಿಷಿನ ಠೀವಿಯನ್ನು ಬದಿಗಿಟ್ಟು ಬೀದಿಯ ಹಿಂದಿಯಲ್ಲಿಯೇ ಯೋಚಿಸತೊಡಗಿದರು. ಇದು ದೊಡ್ಡ ಬದಲಾವಣೆಯೇ ಸರಿ. ನಮಗೇನಾಯಿತೆಂದರೆ, ಇಂಗ್ಲಿಷಿನಿಂದ ತರುತ್ತಿದ್ದುದನ್ನು ಹಿಂದಿಯಿಂದಲೂ ತರುವಂತಾಯಿತು. ಹಿಂದಿಯಾಡುವ ತುಟಿಗೆ ಕನ್ನಡವನ್ನು ಹೊಂದಿಸುವ ಪಾಡನ್ನು ವಾಚಕರು ಟೆಲಿವಿಷನ್ನಿನಲ್ಲಿ ದಿನವೂ ನೋಡುತ್ತಿರುವರಷ್ಟೆ.

ಆ ಮಣೆಯ ಮೇಲೆ ಸ್ವಲ್ಪಕಾಲ ನಾನೂ ಕುಳಿತವನು. ಇಪ್ಪತ್ತು ವರ್ಷದ ಹಿಂದೆ, ಕೆಲಸ ಇನ್ನೂ ಕಾಯಂ ಆಗದಿದ್ದಾಗ, ಒಂದು ಏಜೆನ್ಸಿಗೆ ಅನುವಾದ ಮಾಡಿಕೊಡುತ್ತಿದ್ದೆ. ಸಂಜೆ ಕಳುಹಿಸಿದ್ದು ಬೆಳಗ್ಗೆ ಬೇಕು. ಇಂಗ್ಲಿಷಿನಲ್ಲಿ ಮೂರು ಪದವಿದ್ದರೆ ಕನ್ನಡದಲ್ಲಿಯೂ ಮೂರೇ ಇರಬೇಕು. ಒಮ್ಮೆ ಅಡಿಗೆ ಎಣ್ಣೆಗೆ 'ಅಮ್ಮನ ಕೈರುಚಿ' ಎಂದು ಬರೆದುಕೊಟ್ಟು, ಇದಾದರೂ ಕನ್ನಡವಾಯಿತೆಂದು ಹಿಗ್ಗಿದೆ. ಅವರ ಕಂಪ್ಯೂಟರಿನಲ್ಲಿ ನನ್ನ ಅಕ್ಷರದ ಅಚ್ಚು ಇರಲಿಲ್ಲ. ಒತ್ತಕ್ಷರ ಉದುರಿಹೋಗಿ ಹೆದ್ದಾರಿಯ ಫಲಕದ ಮೇಲೆ 'ಅಮನ ಕೈರುಚಿ' ನಿಂತಿತು. ಫೋನು ಮಾಡಿದೆ. "ಯಾರೂ ಗಮನಿಸಿಲ್ಲವಲ್ಲ, ಬಿಡಿ ಸಾರ್" ಎಂದರು. ಮೂರು ತಿಂಗಳು ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನು ಇನ್ನೊಂದು ಕಡೆಯ ಕಿಟಕಿಯತ್ತ ಮುಖ ತಿರುಗಿಸುತ್ತಿದ್ದೆ.

ಹಳೆಯ ಕಾಲದ್ದೆಲ್ಲ ಚಿನ್ನವಾಗಿತ್ತೆಂದು ಇದರ ಅರ್ಥವಲ್ಲ. ಸಕಲ ರೋಗಕ್ಕೂ ಒಂದೇ ಗುಳಿಗೆಯೆಂದು ಸಾರುತ್ತಿದ್ದವರನ್ನು ತಡೆಯಲು 1954ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. 1985ರಲ್ಲಿ ಈ ವೃತ್ತಿಯವರೇ ಸೇರಿ ತಮ್ಮ ಮೇಲೆ ತಾವೇ ಕಾವಲಿಗೆ ಒಂದು ಮಂಡಲಿಯನ್ನು ಕಟ್ಟಿಕೊಂಡರು. ಆದರೆ ಹಿಂದಿನ ಕೆಲಸಕ್ಕೆ ಹಲವು ಕಣ್ಣುಗಳಿದ್ದುವು. ಅಚ್ಚಿನ ಮೊಳೆ ಜೋಡಿಸುವವನು, ಕರಡು ತಿದ್ದುವವನು, ಗೋಡೆಯ ಮೇಲೆ ಕುಂಚದಿಂದ ಬರೆಯುವವನು, ಎಲ್ಲರೂ ಕನ್ನಡ ಬಲ್ಲವರು. ಒತ್ತಕ್ಷರ ಬಿಟ್ಟುಹೋದರೆ ಅವರಲ್ಲೊಬ್ಬನಾದರೂ ತಡೆದು ಕೇಳುತ್ತಿದ್ದ. ಫ್ಲೆಕ್ಸ್ ಬಂದು ಕುಂಚದವರ ಅನ್ನ ಕಸಿಯಿತು. 2018ರಲ್ಲಿ ಹೈಕೋರ್ಟಿನ ಕಟ್ಟಪ್ಪಣೆಯಿಂದ ಬೆಂಗಳೂರಿನ ಬೀದಿಗಳಲ್ಲಿ ಫ್ಲೆಕ್ಸುಗಳನ್ನು ಕಿತ್ತುಹಾಕಿದಾಗಲೂ ಆ ಕುಂಚದವರು ಹಿಂದಿರುಗಿದಂತೆ ಕಾಣಲಿಲ್ಲ. ಈಗ ಜಾಹೀರಾತು ಅಂಗೈಯ ಫೋನಿನಲ್ಲಿದೆ. ಒಬ್ಬೊಬ್ಬರಿಗೆ ಒಂದೊಂದು, ಗಳಿಗೆಗೊಂದು. ಮೊದಲ ಕರಡನ್ನು ಯಂತ್ರವೇ ಬರೆಯಬಲ್ಲದು. ಅಷ್ಟೂ ಕಣ್ಣುಗಳ ಬದಲು ಉಳಿದಿರುವುದು ನಮ್ಮ ಹುಡುಗನ ಎರಡು ಕಣ್ಣು.

ಮರುದಿನ ಅವನಿಗೆ ಫೋನು ಮಾಡಿ ಹೇಳಿದೆ: "ಸೇರಪ್ಪ. ಒತ್ತಕ್ಷರ ಕಾಯುವವನೊಬ್ಬ ಅಲ್ಲಿ ಬೇಕೇ ಬೇಕು. ಆದರೆ ತಿದ್ದುವುದರಲ್ಲಿಯೇ ಮುಗಿಸಬೇಡ. ವಾರಕ್ಕೊಂದಾದರೂ ಸಾಲನ್ನು ಮೊದಲಿನಿಂದ ಕನ್ನಡದಲ್ಲಿಯೇ ಬರೆದು, ಇದನ್ನು ಹಿಂದಿಗೆ ಅನುವಾದ ಮಾಡಿಕೊಳ್ಳಿ ಎಂದು ಅವರ ಮುಂದಿಡು."

"ಒಪ್ಪುತ್ತಾರೆಯೆ ಮೇಷ್ಟ್ರೆ?" ಎಂದ.

"ಮೊದಲ ವರ್ಷ ಒಪ್ಪಲಾರರು" ಎಂದೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಧೈರ್ಯ ನನಗಾಗಲಿಲ್ಲ.