ಸ್ಪಗೆಟಿ ಮರ ಮತ್ತು ಮಾರ್ಕೊ ಪೋಲೊನ ಗಂಟು

1957ರ ಏಪ್ರಿಲ್ 1, ಸೋಮವಾರ ರಾತ್ರಿ. ಬಿಬಿಸಿಯಲ್ಲಿ ‘ಪನೋರಮಾ’ ಎಂಬ ಗಂಭೀರ ಸುದ್ದಿ ಕಾರ್ಯಕ್ರಮ ನಡೀತಿತ್ತು. ಸ್ವಿಟ್ಜರ್ಲೆಂಡಿನ ಟಿಚಿನೊ ಪ್ರದೇಶದಲ್ಲಿ ಈ ಸಲ ಸ್ಪಗೆಟಿ ಬೆಳೆ ಭರ್ಜರಿಯಾಗಿ ಬಂದಿದೆ ಅಂತ ಒಂದು ವರದಿ ಪ್ರಸಾರವಾಯಿತು. ಹೆಂಗಸರು ಮರದ ಕೊಂಬೆಗಳಿಂದ ಸ್ಪಗೆಟಿ ಎಳೆಗಳನ್ನು ಬಿಡಿಸಿ ಬಿಸಿಲಿಗೆ ಹಾಕ್ತಿರೋ ದೃಶ್ಯ. ಹಿನ್ನೆಲೆ ಧ್ವನಿ ಯಾರದ್ದು ಗೊತ್ತಾ? ರಿಚರ್ಡ್ ಡಿಂಬಲ್ಬಿ ಅವರದ್ದು. ಇಡೀ ಬ್ರಿಟನ್ ನಂಬುತ್ತಿದ್ದ ದನಿ ಅದು. ಮೂರೇ ನಿಮಿಷದ ಏಪ್ರಿಲ್ ಫೂಲ್ ತಮಾಷೆ. ಆದರೆ ಆಮೇಲೆ ಬಿಬಿಸಿಗೆ ಫೋನ್ ಮಾಡಿದವರಲ್ಲಿ ಕೆಲವರು ಕೇಳಿದ್ದು, ಈ ಗಿಡ ನಮ್ಮ ಮನೆಯಲ್ಲಿ ಬೆಳೆಸೋದು ಹೇಗೆ ಅಂತ!

ನಗಬೇಡಿ. ಆಗ ಬ್ರಿಟನ್ನಿನ ಎಷ್ಟೋ ಮನೆಗಳಿಗೆ ಸ್ಪಗೆಟಿ ಅಪರೂಪದ ವಸ್ತು. ಅದು ಹಿಟ್ಟಿಂದ ಆಗುತ್ತೋ ಮರದಲ್ಲಿ ಬಿಡುತ್ತೋ, ಯಾರಿಗೆ ಗೊತ್ತಿತ್ತು? ನಾನಂತೂ ನಗೋ ಹಾಗೇ ಇಲ್ಲ. ಯಾಕಂದ್ರೆ ಇಂಥದ್ದೇ ಒಂದು ಮಾತನ್ನು ನಾನೂ ಪರದೆ ಮೇಲೆ ಹೇಳಿದ್ದೇನೆ. ತಮಾಷೆಗೆ ಅಲ್ಲ, ಪೂರ್ತಿ ನಂಬಿಕೊಂಡು.

ಒಂದು ಸಂಜೆ, ಕಾರ್ಯಕ್ರಮದ ಕೊನೆಯಲ್ಲಿ ಉಳಿದ ಅರ್ಧ ನಿಮಿಷಕ್ಕೆ ಒಂದು ಹಗುರ ಸುದ್ದಿ ಬೇಕಿತ್ತು. ‘ಪಾಸ್ತಾ ಇಟಲಿಯದ್ದಲ್ಲ, ಚೀನಾದ್ದು. ಮಾರ್ಕೊ ಪೋಲೊ ತನ್ನ ಗಂಟಿನಲ್ಲಿ ಕಟ್ಟಿಕೊಂಡು ಬಂದ’ ಅಂತ ಹೇಳಿ ನಗುತ್ತಾ ಸೈನ್ ಆಫ್ ಮಾಡಿದೆ. ಮಾರನೇ ದಿನ ವೀಕ್ಷಕರೊಬ್ಬರಿಂದ ಒಂದೇ ಸಾಲಿನ ಮೆಸೇಜ್ ಬಂತು: ‘ಇದಕ್ಕೆ ಪುರಾವೆ ಏನು ಸ್ವಾಮಿ?’ ಹುಡುಕೋಕೆ ಕೂತೆ. ಪುರಾವೆ ಸಿಗಲಿಲ್ಲ. ಸಿಕ್ಕಿದ್ದೆಲ್ಲ ನನ್ನ ಮಾತಿಗೆ ವಿರುದ್ಧವಾಗಿಯೇ ಇತ್ತು.

ಲೆಕ್ಕ ನೋಡಿ. ಮಾರ್ಕೊ ಪೋಲೊ ಹುಟ್ಟಿದ್ದು 1254ರಲ್ಲಿ. ಚೀನಾದಿಂದ ವೆನಿಸ್‌ಗೆ ವಾಪಸ್ ಬಂದಿದ್ದು 1295ರಲ್ಲಿ. ಆದರೆ 1279ರಲ್ಲೇ ಜಿನೋವಾ ನಗರದಲ್ಲಿ ಒಬ್ಬ ನೋಟರಿ, ಸೈನಿಕನೊಬ್ಬನ ಆಸ್ತಿ ಪಟ್ಟಿ ಬರೆದ. ಅದರಲ್ಲಿ ಒಂದು ಪೆಟ್ಟಿಗೆ ತುಂಬ ಮಕರೋನಿ ಇದೆ! ಪೋಲೊ ವಾಪಸ್ ಬರೋದಕ್ಕೆ 16 ವರ್ಷ ಮುಂಚೆಯೇ ಮಕರೋನಿಯನ್ನು ಆಸ್ತಿಯ ಲೆಕ್ಕದಲ್ಲಿ ಬರೆದಿದ್ದಾರೆ ಅಂದರೆ, ಅದು ಒಣಗಿಸಿಟ್ಟ, ಕೆಡದೆ ಉಳಿಯೋ ಪದಾರ್ಥ ಆಗಿರಲೇಬೇಕು.

ಇನ್ನೂ ಹಿಂದಕ್ಕೆ ಹೋಗೋಣ. ಸಿಸಿಲಿ ದ್ವೀಪವನ್ನು ಆಗ ನಾರ್ಮನ್ ದೊರೆ ಎರಡನೇ ರೋಜರ್ ಆಳ್ತಿದ್ದ. ಅವನ ಆಸ್ಥಾನದಲ್ಲಿದ್ದ ಅರಬ್ ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿ 1154ರಲ್ಲಿ ತನ್ನ ಗ್ರಂಥ ಮುಗಿಸಿದ. ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬ ಊರಿನ ಬಗ್ಗೆ ಅದರಲ್ಲಿ ಬರೀತಾನೆ: ಅಲ್ಲಿ ಹರಿಯೋ ನೀರಿದೆ, ನೀರಿನಿಂದ ತಿರುಗೋ ಗಿರಣಿಗಳಿವೆ, ‘ಇತ್ರಿಯಾ’ ಎಂಬ ಹಿಟ್ಟಿನ ಎಳೆಗಳನ್ನು ರಾಶಿ ರಾಶಿ ಮಾಡ್ತಾರೆ, ಹಡಗಿನಲ್ಲಿ ಕಲಾಬ್ರಿಯಾಕ್ಕೂ, ಮುಸ್ಲಿಂ ಮತ್ತು ಕ್ರೈಸ್ತ ನಾಡುಗಳಿಗೂ ಕಳಿಸ್ತಾರೆ. ಮಾರ್ಕೊ ಪೋಲೊ ಹುಟ್ಟೋಕೆ ಸರಿಯಾಗಿ ನೂರು ವರ್ಷ ಮುಂಚೆ ಪಾಸ್ತಾ ರಫ್ತಾಗ್ತಿತ್ತು!

ಹಾಗಂತ ಚೀನಾದವರನ್ನು ಕಡಿಮೆ ಮಾಡಬೇಕಿಲ್ಲ. ಅಲ್ಲಿನ ಲಾಜಿಯಾದಲ್ಲಿ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿದ್ದನ್ನು 2005ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅವರ ಚರಿತ್ರೆ ಅವರದ್ದು, ಸಿಸಿಲಿಯದ್ದು ಸಿಸಿಲಿಯದ್ದು.

ಹಾಗಾದರೆ ಗಂಟಿನ ಕಥೆ ಬಂದಿದ್ದು ಎಲ್ಲಿಂದ? ಅಮೆರಿಕದಿಂದ! 1929ರಲ್ಲಿ ಅಲ್ಲಿನ ಮಕರೋನಿ ತಯಾರಕರ ಸಂಘದ ಪತ್ರಿಕೆ ‘ಮಕರೋನಿ ಜರ್ನಲ್’ ಒಂದು ಕಥೆ ಹಾಕಿತು. ಪೋಲೊ ತಂಡದ ನಾವಿಕನೊಬ್ಬ ಚೀನಾದಲ್ಲಿ ಇದನ್ನು ಕಲಿತನಂತೆ, ಅವನ ಹೆಸರೇ ಸ್ಪಗೆಟಿಯಂತೆ! ಮಾಲು ಮಾರೋರು ಬರೆಸಿದ ಕಥೆ. 1938ರಲ್ಲಿ ಗ್ಯಾರಿ ಕೂಪರ್ ಮಾರ್ಕೊ ಪೋಲೊ ಆಗಿ ನಟಿಸಿದ ಹಾಲಿವುಡ್ ಸಿನಿಮಾ ಕೂಡ ಪೋಲೊನಿಗೆ ಚೀನಾದಲ್ಲೇ ಸ್ಪಗೆಟಿ ತಿನ್ನಿಸಿತು. ಇಷ್ಟು ಸಾಕಲ್ಲ? ಕಥೆ ಊರೂರು ಸುತ್ತಿ ಕೊನೆಗೆ ನನ್ನ ಬಾಯಿಗೂ ಬಂತು.

ಸುಳ್ಳು ಕಥೆಯ ತೊಂದರೆ ಏನಪ್ಪಾ ಅಂದ್ರೆ, ಅದು ನಿಜವಾದ ಸ್ವಾರಸ್ಯವನ್ನು ಮುಚ್ಚಿಹಾಕುತ್ತೆ. ಪಾಸ್ತಾದ ನಿಜವಾದ ಹೀರೋ ಯಾವ ಯಾತ್ರಿಕನೂ ಅಲ್ಲ, ಡ್ಯೂರಮ್ ಎಂಬ ಗಟ್ಟಿ ಗೋಧಿ. ಇದು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದವರಿಗೆ ಗೊತ್ತಿರೋ ಬನ್ಸಿ ಗೋಧಿ ಇದೇ ಜಾತಿಯದು. ಬನ್ಸಿ ರವೆಯ ಉಪ್ಪಿಟ್ಟು ಮುದ್ದೆಯಾಗದೆ ಉದುರು ಉದುರಾಗಿ ಬರುತ್ತಲ್ಲ, ಅದೇ ಗುಣ ಪಾಸ್ತಾವನ್ನೂ ಕುದಿಯೋ ನೀರಿನಲ್ಲಿ ಕರಗದಂತೆ ಕಾಯುತ್ತೆ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ರವೆಯಿಂದಲೇ ಮಾಡಬೇಕು ಅಂತ 1967ರಲ್ಲಿ ಕಾನೂನೇ ಬಂತು. ತೇವಾಂಶ 12.5% ಮೀರಬಾರದು ಅನ್ನೋ ಮಿತಿಯೂ ಇದೆ. ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಊರು ಹೆಸರು ಮಾಡಿದ್ದೇ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಬೀಸೋ ಗಾಳಿಯಲ್ಲಿ ಪಾಸ್ತಾ ಒಣಗಿಸಿ. ಬೀದಿ ಬದಿಯ ಗಳುಗಳ ಮೇಲೆ ಎಳೆಗಳು ನೇತಾಡ್ತಿರೋ ಹಳೆಯ ಫೋಟೋಗಳನ್ನು ನೋಡಿದರೆ, ಮಾಳಿಗೆ ಮೇಲೆ ಶಾವಿಗೆ ಒಣಗಿಸುವ ನಮ್ಮ ಅಜ್ಜಿಯರೇ ಕಣ್ಣಮುಂದೆ ಬರ್ತಾರೆ.

ಇನ್ನು ಆಕಾರಗಳು. ಇಷ್ಟೊಂದು ಯಾಕೆ? ಬರೀ ಅಂದಕ್ಕಾ? ಅಲ್ಲ. ನನ್ನ ಮೆಚ್ಚಿನ ಪೆನ್ನೆಯನ್ನೇ ತಗೊಳ್ಳಿ. 1865ರಲ್ಲಿ ಜಿನೋವಾ ಬಳಿಯ ಪಾಸ್ತಾ ತಯಾರಕ ಜೊವಾನಿ ಬತಿಸ್ತಾ ಕಪುರೊ, ಕೊಳವೆಗಳನ್ನು ಜಜ್ಜದೆ ಓರೆಯಾಗಿ ಕತ್ತರಿಸೋ ಯಂತ್ರಕ್ಕೆ ಪೇಟೆಂಟ್ ಪಡೆದ. ಓದಿದ ಎಂಜಿನಿಯರಿಂಗ್ ಇಲ್ಲಾದರೂ ಉಪಯೋಗಕ್ಕೆ ಬರಲಿ: ಕೊಳವೆಯನ್ನು ನೇರ ಕತ್ತರಿಸೋ ಬದಲು 45 ಡಿಗ್ರಿ ಓರೆಯಲ್ಲಿ ಕತ್ತರಿಸಿದರೆ ಬಾಯಿ ಸುಮಾರು 40% ದೊಡ್ಡದಾಗುತ್ತೆ. ಸಾಸ್ ಸಲೀಸಾಗಿ ಒಳಗೆ ಹೋಗುತ್ತೆ. ಮೈಮೇಲೆ ಗೆರೆ ಇದ್ದರೆ ಹೊರಗೂ ಹಿಡಿಯುತ್ತೆ. ಹಿತ್ತಾಳೆಯಂಥ ಕಂಚಿನ ಅಚ್ಚಿನಿಂದ ಹೊರಬಂದ ಪಾಸ್ತಾ ಒರಟು, ಟೆಫ್ಲಾನ್ ಅಚ್ಚಿನದ್ದು ನುಣುಪು. ಒರಟಿಗೆ ಸಾಸ್ ಚೆನ್ನಾಗಿ ಅಂಟುತ್ತೆ. ತೆಳ್ಳಗಿನ ಸ್ಪಗೆಟಿಗೆ ಬೆಳ್ಳುಳ್ಳಿ-ಎಣ್ಣೆಯಂಥ ಹಗುರ ಜೋಡಿ ಸಾಕು. ಪೆನ್ನೆ, ಫುಸಿಲಿಗೆ ತರಕಾರಿಯ ಗಟ್ಟಿ ಸಾಸ್ ಚೆಂದ.

ಮನೆಯಲ್ಲಿ ಮಾಡೋಕೆ ಇಟಲಿಯವರ ಸರಳ ಲೆಕ್ಕ ಇದೆ: 100 ಗ್ರಾಂ ಪಾಸ್ತಾ, 1 ಲೀಟರ್ ನೀರು, 10 ಗ್ರಾಂ ಉಪ್ಪು. ನೀರಿಗೆ ಎಣ್ಣೆ ಬೇಡ. ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಒಂದೆರಡು ನಿಮಿಷ ಮುಂಚೆ ತೆಗೆದು, ತಣ್ಣೀರಲ್ಲಿ ತೊಳೆಯದೆ ಸಾಸ್‌ಗೆ ಹಾಕಿ, ಬೇಯಿಸಿದ ನೀರನ್ನೇ ಒಂದು ಸೌಟು ಸೇರಿಸಿ. ಅದರಲ್ಲಿರೋ ಗಂಜಿ ಎಣ್ಣೆಯನ್ನೂ ನೀರನ್ನೂ ಕೂಡಿಸುತ್ತೆ. ಬಸಿದು ಚೆಲ್ಲೋದು ನೀರನ್ನಲ್ಲ, ರುಚಿಯನ್ನ.

ಆದರೆ ಇಲ್ಲೇ ಇನ್ನೊಂದು ಜಗಳ ಶುರುವಾಗುತ್ತೆ. ಪಾಸ್ತಾಗೆ ಸಾಸಿವೆ ಒಗ್ಗರಣೆ ಹಾಕಿದ ಗೃಹಿಣಿ ವಿಡಿಯೊ ಹಾಕಿದರೆ, ‘ಇದು ಅಥೆಂಟಿಕ್ ಅಲ್ಲ’ ಅಂತ ಮುಗಿಬೀಳ್ತಾರೆ. ಸರಿ, ಅಥೆಂಟಿಕ್ ಯಾವುದು? ಹದಿನೈದನೇ ಶತಮಾನದ ಹೆಸರಾಂತ ಬಾಣಸಿಗ ಮಾಸ್ಟರ್ ಮಾರ್ಟಿನೊ, ಸಿಸಿಲಿಯ ಮಕರೋನಿಯನ್ನು ಎರಡು ಗಂಟೆ ಬೇಯಿಸಬೇಕು ಅಂತ ಬರೆದಿದ್ದಾನೆ. ಎರಡು ನಿಮಿಷ ಅಲ್ಲ, ಎರಡು ಗಂಟೆ! ಪಾಸ್ತಾದ ಪ್ರಾಣ ಅಂದುಕೊಂಡಿರೋ ಟೊಮೆಟೊ ಅಮೆರಿಕ ಖಂಡದ ಹಣ್ಣು. ರೋಮ್‌ನ ಹೆಮ್ಮೆಯಾದ ಕಾರ್ಬೊನಾರಾ ಅಚ್ಚಾಗಿ ಕಾಣಿಸಿಕೊಳ್ಳೋದೇ ಎರಡನೇ ಮಹಾಯುದ್ಧದ ನಂತರ. 1954ರಲ್ಲಿ ಇಟಲಿಯದ್ದೇ ಪತ್ರಿಕೆ ‘ಲಾ ಕುಚಿನಾ ಇಟಾಲಿಯಾನಾ’ ಪ್ರಕಟಿಸಿದ ವಿಧಾನದಲ್ಲಿ ಬೆಳ್ಳುಳ್ಳಿಯೂ ಇತ್ತು, ಗ್ರುಯೆರ್ ಚೀಸ್ ಕೂಡ ಇತ್ತು. ಇವತ್ತು ಅದನ್ನೇ ಮಾಡಿ ಹಾಕಿದರೆ ರೋಮ್‌ನವರೇ ಬೈತಾರೆ.

ಹಾಗಂತ ಏನು ಬೇಕಾದರೂ ಹೇಳಬಹುದು ಅಂತಲ್ಲ. ಅಡುಗೆ ಬದಲಾಗಬಹುದು, ದಾಖಲೆ ಬದಲಾಗಬಾರದು. ನಿಮ್ಮ ಮನೆಯ ಬಾಣಲೆಯಲ್ಲಿ ಕರಿಬೇವಿನ ಒಗ್ಗರಣೆ ಹಾಕಿ, ಅದು ನಿಮ್ಮ ಹಕ್ಕು. ಆದರೆ 1154ರಲ್ಲಿ ತ್ರಾಬಿಯಾದ ಗಿರಣಿಗಳಲ್ಲಿ ಬೆವರು ಸುರಿಸಿದವರ ಕೆಲಸವನ್ನು ಕಿತ್ತುಕೊಂಡು, ಅದಕ್ಕೆ ಸಂಬಂಧವೇ ಇಲ್ಲದ ಯಾತ್ರಿಕನ ಗಂಟಿಗೆ ಕಟ್ಟೋ ಹಕ್ಕು ಮಾರಾಟಗಾರರಿಗೂ ಇಲ್ಲ, ಟಿವಿಯಲ್ಲಿ ಕೂತ ನನಗೂ ಇಲ್ಲ.

ಡಿಂಬಲ್ಬಿ ಅವರದ್ದು ಏಪ್ರಿಲ್ 1ರ ತಮಾಷೆ, ಅದಕ್ಕೆ ಕ್ಷಮೆ ಇದೆ. ನನ್ನದು ಮಾಮೂಲಿ ದಿನ. ಆದ್ದರಿಂದ ಆ ಅರ್ಧ ನಿಮಿಷದ ಮಾತನ್ನು ಇವತ್ತು ವಾಪಸ್ ತಗೋತಾ ಇದ್ದೀನಿ. ಪುರಾವೆ ಕೇಳಿದ ಆ ವೀಕ್ಷಕರಿಗೆ ನಮಸ್ಕಾರ. ದಯವಿಟ್ಟು ಕೇಳ್ತಾನೇ ಇರಿ.