ಬದಲಾದ ಕಾರ್ಟ್ರಿಜ್, ಹೊಸ ಪ್ರತಿ: ಕಮೊಡೋರ್ 64 ಎಮ್ಯುಲೇಟರಿನಲ್ಲಿ ಮೆಮೊರಿ ಉಳಿಸುವ ಪ್ರಶ್ನೆ

ಸಾರಾಂಶ

ಕಮೊಡೋರ್ 64 ಗಣಕದ ಹಳೆಯ ಕಾರ್ಟ್ರಿಜ್‌ಗಳು ಬಹುಪಾಲು ಓದಲಷ್ಟೇ ಬರುವಂಥವು. ಹವ್ಯಾಸಿಗಳು ಈಚೆಗೆ ರೂಪಿಸಿದ ಈಜಿಫ್ಲ್ಯಾಶ್‌ನಂಥವು ಬಳಕೆಯಲ್ಲೇ ಬದಲಾಗುತ್ತವೆ. ಹೀಗೆ ಬದಲಾದ ಮೆಮೊರಿಯನ್ನು ವೈಸ್ ಎಮ್ಯುಲೇಟರಿನಲ್ಲಿ ಉಳಿಸುವ ಮೂರು ದಾರಿಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಮೂರು ದಾರಿಗಳಿಂದ ಉಳಿಯುವುದು ಮೂರು ಬೇರೆ ವಸ್ತುಗಳು. ಆದ್ದರಿಂದ ಬದಲಾದ ಕಡತವನ್ನು ಮೂಲದ ಜಾಗದಲ್ಲಿ ಇಡದೆ ಸ್ವತಂತ್ರ ಪ್ರತಿಯೆಂದು ಎಣಿಸಬೇಕು ಎಂಬುದು ಇಲ್ಲಿನ ವಾದ.

1. ಪೀಠಿಕೆ

1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64ರ ಹಿಂಬದಿಯಲ್ಲಿ 44 ಸಂಪರ್ಕಗಳ ವಿಸ್ತರಣಾ ಕಿಂಡಿ ಇತ್ತು. ಅದಕ್ಕೆ ಕಾರ್ಟ್ರಿಜ್ ಸಿಕ್ಕಿಸಿದರೆ, ಸಾಮಾನ್ಯವಾಗಿ 32768ನೆಯ ವಿಳಾಸದಿಂದ 8 ಕಿಲೋಬೈಟ್, ಬೇಕಾದರೆ 40960ರಿಂದ ಇನ್ನೂ 8 ಕಿಲೋಬೈಟ್ ಗಣಕದ ಕಣ್ಣಿಗೆ ಬೀಳುತ್ತಿದ್ದವು. ಒಳಗಿದ್ದದ್ದು ಕಾರ್ಖಾನೆಯಲ್ಲೇ ಅಚ್ಚಾದ ರೋಮ್ ಚಿಪ್. ಆಟಗಾರನ ಅಂಕಗಳನ್ನು ಉಳಿಸಲು ಕ್ಯಾಸೆಟ್ ಬೇಕಿತ್ತು, ಇಲ್ಲವೇ ಸುಮಾರು 170 ಕಿಲೋಬೈಟ್ ಹಿಡಿಸುವ 1541 ಡ್ರೈವಿನ ಫ್ಲಾಪಿ ಬೇಕಿತ್ತು. ಕಾರ್ಟ್ರಿಜ್ ಮಾತ್ರ ಎಷ್ಟು ಬಾರಿ ಆಡಿದರೂ ಇದ್ದ ಹಾಗೇ ಇರುತ್ತಿತ್ತು.

ಎಮ್ಯುಲೇಟರುಗಳು ಕಾರ್ಟ್ರಿಜ್ ಕಡತವನ್ನು ಓದುವ ವಸ್ತುವಾಗಿ ಮಾತ್ರ ಕಂಡದ್ದು ಈ ಹಿನ್ನೆಲೆಯಲ್ಲಿ ಸಹಜವೇ. ಕಾರ್ಟ್ರಿಜ್ ತಾನೇ ಬರೆಯಿಸಿಕೊಳ್ಳತೊಡಗಿದಾಗ ಎರಡು ಪ್ರಶ್ನೆಗಳು ಎದ್ದವು. ಬರೆದದ್ದು ಎಲ್ಲಿಗೆ ಹೋಗಬೇಕು? ಹೋದ ಮೇಲೆ ಮೂಲ ಯಾವುದು?

2. ಫ್ಲ್ಯಾಶ್ ಮೆಮೊರಿಯ ಸ್ವಭಾವ

ಈಜಿಫ್ಲ್ಯಾಶ್‌ನಲ್ಲಿ 512 ಕಿಲೋಬೈಟಿನ ಎರಡು ಫ್ಲ್ಯಾಶ್ ಚಿಪ್‌ಗಳಿವೆ. ಒಟ್ಟು 1 ಮೆಗಾಬೈಟನ್ನು 16 ಕಿಲೋಬೈಟಿನ 64 ಬ್ಯಾಂಕುಗಳಾಗಿ ಹಂಚಲಾಗಿದೆ. 56832ನೆಯ ವಿಳಾಸಕ್ಕೆ ಬ್ಯಾಂಕಿನ ಸಂಖ್ಯೆ ಬರೆದರೆ ಆ ಬ್ಯಾಂಕು ಮುಂದೆ ಬರುತ್ತದೆ. ಇವಲ್ಲದೆ 57088ರಿಂದ 256 ಬೈಟುಗಳ ಪುಟ್ಟ ರ‍್ಯಾಮ್ ಕೂಡ ಇದೆ.

ಫ್ಲ್ಯಾಶ್ ಚಿಪ್ಪಿಗೆ ಬರೆಯುವುದು ರ‍್ಯಾಮ್‌ಗೆ ಬರೆದಂತಲ್ಲ. ಅಳಿಸಿದ ಜಾಗದಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುತ್ತವೆ, ಅಂದರೆ ಬೈಟಿನ ಬೆಲೆ 255. ಬರವಣಿಗೆ 1ನ್ನು 0 ಮಾಡಬಲ್ಲದು, 0ಯನ್ನು 1 ಮಾಡಲಾರದು. ಖಾಲಿ ಬೈಟಿಗೆ 170 ಬರೆದರೆ 170 ಉಳಿಯುತ್ತದೆ. ಅದರ ಮೇಲೇ 85 ಬರೆಯಹೊರಟರೆ ಉಳಿಯುವುದು 0, ಏಕೆಂದರೆ ಈ ಎರಡು ಸಂಖ್ಯೆಗಳಿಗೆ ಸಮಾನವಾದ 1 ಒಂದೂ ಇಲ್ಲ. ಮತ್ತೆ 255ಕ್ಕೆ ಮರಳಬೇಕಾದರೆ 64 ಕಿಲೋಬೈಟಿನ ಇಡೀ ಸೆಕ್ಟರನ್ನು ಅಳಿಸಬೇಕು. ಹಾಗೆ ಮಾಡಿದರೆ ಎಂಟು ಬ್ಯಾಂಕುಗಳಲ್ಲಿ ಆ ಚಿಪ್ಪಿಗೆ ಸೇರಿದ ಅರ್ಧಗಳು ಒಟ್ಟಿಗೇ ಬರಿದಾಗುತ್ತವೆ.

ಹೀಗಾಗಿ ಅಂಕಗಳನ್ನು ಉಳಿಸುವ ಕ್ರಮವಿಧಿಗೆ ಹಳೆಯ ದಾಖಲೆಯನ್ನು ತಿದ್ದುವುದಕ್ಕಿಂತ ಅದರ ಮುಂದೆ ಹೊಸದನ್ನು ಸೇರಿಸುತ್ತ ಹೋಗುವುದೇ ಅನುಕೂಲ. ಹಾಗೆ ರಚಿಸಿದ ಕ್ರಮವಿಧಿಯಲ್ಲಿ ಸೆಕ್ಟರ್ ಅಳಿಯುವ ತನಕ ಹಿಂದಿನ ದಾಖಲೆಗಳೂ ಅಲ್ಲೇ ಇರುತ್ತವೆ. ಆಟದ ಪರದೆ ತೋರಿಸುವುದು ಕೊನೆಯ ಅಂಕವನ್ನು ಮಾತ್ರ, ಮೆಮೊರಿ ಹಿಡಿದಿಟ್ಟಿರುವುದು ಆಟದ ದಿನಚರಿಯನ್ನು. ಈ 1–0 ನಿಯಮವನ್ನು ಎಮ್ಯುಲೇಟರು ನಿಷ್ಠೆಯಿಂದ ಅನುಕರಿಸಿದರೆ ಮಾತ್ರ ಆ ಪದರಗಳು ನಂಬಲರ್ಹ.

3. ಉಳಿಸುವ ಮೂರು ದಾರಿಗಳು

ಮೊದಲನೆಯದು ಸಿಆರ್‌ಟಿ ಕಡತಕ್ಕೆ ಮರಳಿ ಬರೆಯುವುದು. ಸಿಸಿಎಸ್64 ಎಂಬ ಎಮ್ಯುಲೇಟರಿಗಾಗಿ ಹುಟ್ಟಿದ ಈ ವಿನ್ಯಾಸದಲ್ಲಿ ಸಾಮಾನ್ಯವಾಗಿ 64 ಬೈಟಿನ ತಲೆಬರಹವಿದ್ದು, ಕಾರ್ಟ್ರಿಜ್ಜಿನ ಹೆಸರು ಮತ್ತು ಬಗೆ ಅದರಲ್ಲಿ ದಾಖಲಾಗುತ್ತವೆ. ಈಜಿಫ್ಲ್ಯಾಶ್‌ನ ಸಂಖ್ಯೆ 32. ಮುಂದೆ ಒಂದೊಂದು ತುಣುಕಿಗೂ 16 ಬೈಟಿನ ಪೀಠಿಕೆಯಿದ್ದು, ಬ್ಯಾಂಕಿನ ಸಂಖ್ಯೆ, ವಿಳಾಸ, ಅಳತೆಗಳನ್ನು ಅದು ಹೇಳುತ್ತದೆ. ಓಡುವಾಗ ಆದ ಬದಲಾವಣೆಗಳು ಎಮ್ಯುಲೇಟರಿನ ಮೆಮೊರಿಯಲ್ಲೇ ಇರುತ್ತವೆ. ವೈಸ್‌ನಲ್ಲಿ ಮರಳಿ ಬರೆಯುವ ಆಯ್ಕೆಯನ್ನು ಚಾಲೂ ಮಾಡಿದ್ದರೆ, ಕಾರ್ಟ್ರಿಜ್ಜನ್ನು ಬಿಡಿಸಿದಾಗ ಅವು ಕಡತಕ್ಕೆ ಇಳಿಯುತ್ತವೆ. ನಡುವೆ ವಿದ್ಯುತ್ ಹೋದರೆ ಬದಲಾವಣೆಗಳೂ ಹೋದವು. ನಿಜವಾದ ಚಿಪ್ಪಿನಲ್ಲಿ ಬರೆದದ್ದು ಬರೆದ ಕ್ಷಣದಲ್ಲೇ ನಿಲ್ಲುತ್ತದೆ.

ಎರಡನೆಯದು ಬರಿಯ ಮೆಮೊರಿಯನ್ನು ಮಾತ್ರ ತೆಗೆದಿಡುವುದು. ಈಜಿಫ್ಲ್ಯಾಶ್‌ನ ಬರಿಯ ಪ್ರತಿ 1,048,576 ಬೈಟುಗಳು. ಪ್ರತಿ ತುಣುಕು 8 ಕಿಲೋಬೈಟಿನದಾದರೆ ಎಲ್ಲ ಬ್ಯಾಂಕುಗಳನ್ನೊಳಗೊಂಡ ಸಿಆರ್‌ಟಿ 1,050,688 ಬೈಟುಗಳು. ಹೆಚ್ಚಾದ 2,112 ಬೈಟುಗಳೇ ಕಾರ್ಟ್ರಿಜ್ಜಿನ ಗುರುತಿನ ಚೀಟಿ. ಬರಿಯ ಪ್ರತಿ ಯಾವ ಕಾರ್ಟ್ರಿಜ್ಜಿನದು ಎಂಬುದನ್ನು ಸಂಗ್ರಹಕಾರನೇ ಹೊರಗೆ ಬರೆದಿಡಬೇಕು. 1750 ಎಂಬ 512 ಕಿಲೋಬೈಟಿನ ರ‍್ಯಾಮ್ ವಿಸ್ತರಣೆಯ ಪ್ರತಿಯೂ ಇಂಥದೇ. ಅಲ್ಲಿ ಇನ್ನೊಂದು ವಿಚಿತ್ರವುಂಟು: ಯಂತ್ರ ಆರಿಸಿದೊಡನೆ ಅಳಿಯುತ್ತಿದ್ದ ಮೆಮೊರಿಗೆ ಎಮ್ಯುಲೇಟರು, ಯಂತ್ರದಲ್ಲಿ ಎಂದೂ ಇಲ್ಲದ ಶಾಶ್ವತತೆಯನ್ನು ಕೊಡುತ್ತದೆ.

ಮೂರನೆಯದು ಸ್ನ್ಯಾಪ್‌ಶಾಟ್. ಸಂಸ್ಕಾರಕದ ಸ್ಥಿತಿ, 64 ಕಿಲೋಬೈಟ್ ರ‍್ಯಾಮ್, ತೆರೆದಿದ್ದ ಬ್ಯಾಂಕು, ಮೇಲೆ ಹೇಳಿದ 256 ಬೈಟುಗಳು, ಎಲ್ಲವೂ ಅದರಲ್ಲಿ ಸೇರುತ್ತವೆ. ಸಿಆರ್‌ಟಿಯಲ್ಲಿ ಇವು ಸಿಗುವುದಿಲ್ಲ. ಆದರೆ ಸ್ನ್ಯಾಪ್‌ಶಾಟ್ ಎಮ್ಯುಲೇಟರಿನ ಆವೃತ್ತಿಗೆ ಅಂಟಿಕೊಂಡದ್ದು. ಅದನ್ನು ಬೇರೆ ಎಮ್ಯುಲೇಟರಿಗೆ ಒಯ್ಯುವುದು ಕಷ್ಟ, ನಿಜವಾದ ಚಿಪ್ಪಿಗೆ ನೇರವಾಗಿ ಬರೆಯುವಂತೆಯೂ ಇಲ್ಲ.

4. ಪಾಠಾಂತರವೂ ಲಿಪಿಕಾರನೂ

ಓಲೆಪ್ರತಿಗಳನ್ನು ಹೋಲಿಸುವ ಸಂಪಾದಕ ಕವಿಯ ಪಾಠವನ್ನು ಲಿಪಿಕಾರನ ಕೈಬರಹದಿಂದ ಬಿಡಿಸಿ ನೋಡುತ್ತಾನೆ. ಇಲ್ಲಿ ಎಮ್ಯುಲೇಟರೇ ಲಿಪಿಕಾರ. ಕಡತವನ್ನು ಅದು ಹೊಸದಾಗಿ ಬರೆದಾಗ ತಲೆಬರಹದ ಹೆಸರು ಬೇರೆಯಾಗಬಹುದು. ಕಡತ ಚಿಕ್ಕದಾಗಲೆಂದು 255ರಿಂದಲೇ ತುಂಬಿದ ಬ್ಯಾಂಕುಗಳನ್ನು ಬಿಟ್ಟುಬಿಡುವ ಆಯ್ಕೆಯೂ ಉಂಟು. ಆಗ ಮೆಮೊರಿಯ ಒಂದು ಬಿಟ್ಟೂ ಬದಲಾಗದೆ ಕಡತದ ಚೆಕ್‌ಸಮ್ ಪೂರಾ ಬದಲಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಈಎಪಿಐ ಎಂಬ 768 ಬೈಟುಗಳ ಚಾಲಕ. ಫ್ಲ್ಯಾಶ್ ಚಿಪ್ ಬರೆಯಿಸಿಕೊಳ್ಳುತ್ತಿರುವಾಗ ಅದರಿಂದಲೇ ಕ್ರಮವಿಧಿಯನ್ನು ಓದಲಾಗದು. ಅದಕ್ಕಾಗಿ ಈ ಚಾಲಕವನ್ನು ರ‍್ಯಾಮ್‌ಗೆ ನಕಲಿಸಿ ಅಲ್ಲಿಂದ ಓಡಿಸುತ್ತಾರೆ. ಚಿಪ್ಪಿನ ಬಗೆಗೆ ತಕ್ಕಂತೆ ಚಾಲಕವನ್ನೇ ಬದಲಿಸುವ ಏರ್ಪಾಡೂ ಇದೆ. ಹೀಗಾಗಿ ಎರಡು ಪ್ರತಿಗಳ ನಡುವೆ ಇಲ್ಲಿ ಕಾಣುವ ವ್ಯತ್ಯಾಸಕ್ಕೆ ಆಟಗಾರನೂ ಆಟದ ಕರ್ತೃವೂ ಕಾರಣರಲ್ಲದಿರಬಹುದು.

ಇಡೀ ಕಡತಗಳ ಹೋಲಿಕೆ ಆದ್ದರಿಂದ ದಾರಿ ತಪ್ಪಿಸುತ್ತದೆ. ಎರಡೂ ಪ್ರತಿಗಳನ್ನು ಮೊದಲು 128 ತುಣುಕುಗಳಾಗಿ ಬಿಡಿಸಿ, ಬಿಟ್ಟುಹೋದವನ್ನು 255ರಿಂದ ತುಂಬಿ, ಚಾಲಕದ ಜಾಗವನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಆಮೇಲೆ ಬ್ಯಾಂಕಿಗೆ ಬ್ಯಾಂಕನ್ನು ಹೋಲಿಸಬೇಕು. 1 ಮಾತ್ರ 0 ಆಗಿದ್ದರೆ ಸೇರಿಸಿ ಬರೆದಿರುವ ಸಂಭವ ಹೆಚ್ಚು. 0 ಎಲ್ಲಾದರೂ 1 ಆಗಿದ್ದರೆ ಆ ಸೆಕ್ಟರ್ ಒಮ್ಮೆಯಾದರೂ ಅಳಿದಿರಬೇಕು, ಇಲ್ಲವೇ ಕಡತವನ್ನು ಹೊರಗಿನಿಂದ ತಿದ್ದಿರಬೇಕು.

5. ಉಪಸಂಹಾರ

ಇದರಿಂದ ಸಂಗ್ರಹಕಾರನ ಕ್ರಮವೂ ಹೊರಡುತ್ತದೆ. ಮೂಲ ಕಡತವನ್ನು ಓದಲಷ್ಟೇ ಬರುವಂತೆ ಬೀಗ ಹಾಕಿ ಚೆಕ್‌ಸಮ್ ಬರೆದಿಡಬೇಕು. ಎಮ್ಯುಲೇಟರಿಗೆ ಕೊಡುವುದು ನಕಲು ಮಾತ್ರ. ಮರಳಿ ಬರೆಯುವ ಆಯ್ಕೆಯನ್ನು ಆ ನಕಲಿನ ಮೇಲಷ್ಟೇ ಬಳಸಿ, ಕಾರ್ಟ್ರಿಜ್ಜನ್ನು ಕ್ರಮವಾಗಿ ಬಿಡಿಸಿ, ಎಮ್ಯುಲೇಟರಿನ ಆವೃತ್ತಿಯನ್ನೂ ದಿನಾಂಕವನ್ನೂ ಜೊತೆಗೆ ನಮೂದಿಸಬೇಕು. ಮಧ್ಯದ ಸ್ಥಿತಿ ಮುಖ್ಯವಾದರೆ ಸ್ನ್ಯಾಪ್‌ಶಾಟನ್ನೂ ಸೇರಿಸಬೇಕು.

ಮೂಲದ ಮೇಲೆಯೇ ಬರೆದರೆ ಒಂದು ಕಡತದಷ್ಟು ಜಾಗ ಉಳಿಯುತ್ತದೆ. ಆದರೆ ಯಾವ ಬಿಟ್ಟು ಕರ್ತೃವಿನದು, ಯಾವುದು ಆಟಗಾರನದು, ಯಾವುದು ಎಮ್ಯುಲೇಟರಿನದು ಎಂದು ಹೇಳಲು ಹೋಲಿಸುವ ಎರಡನೆಯ ಪ್ರತಿಯೇ ಇರುವುದಿಲ್ಲ.